ತೊಲೆಯ ತುದಿ ಕುಂಬಾದರೆ ಮನೆ ಕೆಡವಬೇಕಿಲ್ಲ

ಕೊಪ್ಪಳ ಜಿಲ್ಲೆಯ ನಮ್ಮೂರಿನಲ್ಲಿ ತಾನಾಗಿ ಬಿದ್ದ ಮಾಳಿಗೆ ಮನೆಗಳಿಗಿಂತ (ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿಯ ಮನೆಗಳು) ಕೈಯಾರೆ ಕೆಡವಿದವೇ ಹೆಚ್ಚು. ಯಾಕೆ ಕೆಡವಿದಿರಿ ಅಂದರೆ ಒಂದೇ ಉತ್ತರ: "ತೊಲಿ ಕುಂಬಾಗಿತ್ರಿ, ಇನ್ನೇನ್ ಮಾಡೂದು." ಕೆಡವಿದ ಮೇಲೆ ಆ ತೊಲೆಗಳನ್ನು ಅಂಗಳಕ್ಕೆ ಉರುಳಿಸಿರುತ್ತಾರೆ. ಹೋಗಿ ನೋಡಿ. ಹನ್ನೆರಡು ಅಡಿಯ ಸಾಗವಾನಿ ತೊಲೆಯಲ್ಲಿ ಗೋಡೆಯೊಳಗೆ ಹೂತಿದ್ದ ಒಂದಡಿ, ಹೆಚ್ಚೆಂದರೆ ಒಂದೂವರೆ ಅಡಿ ಮಾತ್ರ ಕುಂಬಾಗಿ, ಅಂದರೆ ಕೊಳೆತು ಹಾಳಾಗಿರುತ್ತದೆ. ಉಳಿದ ಹತ್ತಡಿಗೆ ಬಾಚಿ ಹಾಕಿದರೆ ಈಗಲೂ ಠಣ್ ಅನ್ನುತ್ತದೆ. ಆ ಒಂದಡಿಗಾಗಿ ಇಡೀ ಮನೆ ಹೋಯಿತಲ್ಲ ಅನ್ನುವ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಟ್ಟಿಗೆಯನ್ನು ಕೊಳೆಸುವುದು ಒಂದು ಜಾತಿಯ ಬೂಷ್ಟು. ಕಟ್ಟಿಗೆಯ ಒಣ ತೂಕದ ಶೇಕಡಾ 20ಕ್ಕಿಂತ ಕಡಿಮೆ ನೀರಿನಂಶ ಇದ್ದರೆ ಅದು ಬೆಳೆಯುವುದಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಉಳಿದ ದಿನ ಒಣಗಾಳಿ. ಹಾಗಾಗಿ ಗಾಳಿಗೆ ಮೈಯೊಡ್ಡಿದ ಕಟ್ಟಿಗೆ ನಮ್ಮಲ್ಲಿ ತಲೆಮಾರುಗಟ್ಟಲೆ ಬಾಳುತ್ತದೆ. ಮಲೆನಾಡಿನ ಮನೆಯವರಿಗೆ ಈ ಭಾಗ್ಯ ಇಲ್ಲ. ನಮ್ಮಲ್ಲಿ ಕೊಳೆಯುವುದು ನೀರು ಹೊಕ್ಕು, ಗಾಳಿ ಸಿಗದೆ ನಿಲ್ಲುವ ಜಾಗದಲ್ಲಿ ಮಾತ್ರ. ಗೋಡೆಯ ಗೂಡಿನೊಳಗಿನ ತೊಲೆ ತುದಿ, ಹರಿನಾಳಿಗೆಯ (ಮಾಳಿಗೆಯ ನೀರು ಹೊರಗೆ ಬೀಳುವ ದೋಣಿ) ಕೆಳಗಿನ ಜಂತಿ (ತೊಲೆಯ ಮೇಲೆ ಅಡ್ಡ ಕೂರುವ ಸಣ್ಣ ಕಟ್ಟಿಗೆ), ಬೆಳಕಿಂಡಿಯ ಸುತ್ತಲಿನ ಅಡ್ಡಪಟ್ಟಿ, ಬಚ್ಚಲ ಗೋಡೆಗೆ ಹತ್ತಿದ ಕಂಬದ ಬುಡ. ಕಡಿದ ತುದಿಯಲ್ಲಿ ಕಟ್ಟಿಗೆಯ ಎಳೆಗಳ ಬಾಯಿ ತೆರೆದಿರುತ್ತದೆ, ಪಕ್ಕದ ಮೈಗಿಂತ ಬಹಳ ಬೇಗ ನೀರು ಹೀರುತ್ತದೆ. ತುದಿಯೇ ಮೊದಲು ಕೆಡುವುದು ಇದರಿಂದ.

ನಮ್ಮ ಪಡಸಾಲೆಯ ತೊಲೆಗೆ ಆದದ್ದೂ ಇದೇ. ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿಸಿದ್ದೆವು, ಗಟ್ಟಿ ಇರಲಿ ಅಂತ. ಮಾಳಿಗೆಯಿಂದ ಇಳಿದ ನೀರು ಗೋಡೆಯೊಳಗೆ ಸೇರಿತು. ಮೊದಲಾದರೆ ಮಣ್ಣಿನ ಗಿಲಾಯಿಯಿಂದ ಆವಿಯಾಗಿ ಹೋಗುತ್ತಿತ್ತು. ಈಗ ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟಿತು. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ತೊಲೆ ತುದಿ ರೊಟ್ಟಿ ಚೂರಿನಂತೆ ಉದುರುತ್ತಿತ್ತು. ಮಧ್ಯದ ಕಟ್ಟಿಗೆಗೆ ಏನೂ ಆಗಿರಲಿಲ್ಲ.

ನೀರಾವರಿ ಊರುಗಳ ಕಥೆ ಸ್ವಲ್ಪ ಬೇರೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದ ಎಷ್ಟೋ ಕಡೆ ಅಂತರ್ಜಲ ಮೇಲೆ ಬಂದಿದೆ, ನೆಲ ಸವಳಾಗಿದೆ. ಅಲ್ಲಿ ನೀರು ಮೇಲಿನಿಂದ ಇಳಿಯುವುದರ ಜೊತೆಗೆ ಕೆಳಗಿನಿಂದಲೂ ಏರುತ್ತದೆ. ಗದ್ದೆ ಪಕ್ಕದ ಮನೆಯಾದರೆ ತೊಲೆಗಿಂತ ಮೊದಲು ಕಂಬದ ಬುಡ, ಬಾಗಿಲ ಚೌಕಟ್ಟಿನ ಕಾಲು ನೋಡಿ.

ದಬ್ಬಣ ಹಿಡಿದು ತಪಾಸಣೆ

ಚೀಲ ಹೊಲಿಯುವ ದಬ್ಬಣ, ಒಂದು ಸಣ್ಣ ಸುತ್ತಿಗೆ, ಟಾರ್ಚು, ಬಳಪ ಸಾಕು. ಸುತ್ತಿಗೆಯ ಹಿಡಿಕೆಯಿಂದ ತೊಲೆಯ ನಡುವಿನಿಂದ ಗೋಡೆಯ ಕಡೆಗೆ ಬಡಿಯುತ್ತ ಹೋಗಿ. ಗಟ್ಟಿ ದನಿ ಎಲ್ಲಿ ಬೊದ್ದಾಗುತ್ತದೋ ಅಲ್ಲಿ ಬಳಪದಿಂದ ಗೆರೆ ಎಳೆಯಿರಿ. ಅಲ್ಲಿಂದ ಒಂದೊಂದು ಅಂಗುಲಕ್ಕೆ ದಬ್ಬಣ ಒತ್ತಿ. ಒಳ್ಳೆಯ ಕಟ್ಟಿಗೆಯಲ್ಲಿ ಕೈಬಲಕ್ಕೆ ಎರಡು ಮೂರು ಮಿಲಿಮೀಟರ್ ಇಳಿದೀತು. ಕುಂಬಾದದ್ದರಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಗೋಡೆಯೊಳಗಿನ ಭಾಗ ಕಾಣಬೇಕಾದರೆ ತೊಲೆಯ ಎರಡೂ ಪಕ್ಕ ಗಿಲಾಯಿ ಬಿಡಿಸಲೇಬೇಕು. ಸಂಶಯ ಉಳಿದರೆ ತೊಲೆಯ ಪಕ್ಕದಲ್ಲಿ 6 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ತೂತು ಕೊರೆದು ಹೊರಬರುವ ಪುಡಿ ನೋಡಿ. ಗರಿಗರಿ ಸುರುಳಿ ಬಂದರೆ ಕಟ್ಟಿಗೆ ಚೆನ್ನಾಗಿದೆ. ಹಸಿ, ಕಪ್ಪು ಪುಡಿ ಬಂದರೆ ಹೊರಗಿನ ಮೈ ನಂಬಬೇಡಿ.

ಕೆಡಿಸಿದ್ದು ಯಾರು ಅನ್ನುವುದೂ ತಿಳಿಯಬೇಕು. ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರುಕು ಬಿಟ್ಟು ಉದುರಿದರೆ ಬೂಷ್ಟು. ಮಣ್ಣಿನ ದಾರಿ ಕಟ್ಟಿ ಒಳಗೆಲ್ಲ ಹಾಳೆ ಹಾಳೆಯಾಗಿ ತಿಂದಿದ್ದರೆ ಗೆದ್ದಲು. ಗುಂಡುಸೂಜಿಯಷ್ಟು ತೂತು, ಕೆಳಗೆ ಮೈದಾಹಿಟ್ಟಿನಂಥ ನುಣ್ಣನೆ ಪುಡಿ ಬಿದ್ದಿದ್ದರೆ ನುಸಿ. ನುಸಿ ಸಾಮಾನ್ಯವಾಗಿ ಹೊರಸುತ್ತಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಗಟ್ಟಿ ಕೆಚ್ಚನ್ನು ಬಿಡುತ್ತದೆ. ಹೀಗಾಗಿ ನುಸಿ ಕಂಡ ಕೂಡಲೇ ಹೌಹಾರಬೇಕಿಲ್ಲ.

ತೊಲೆಯ ಉದ್ದಕ್ಕೆ ಸಾಗಿದ ಬಿರುಕು ಕಂಡು ಹೆದರುವವರು ಬಹಳ. ಒಣಗುವಾಗ ಎಳೆಯ ಜಾಡಿನಲ್ಲೇ ಬಿಟ್ಟ ಬಿರುಕು ಅದು, ಅಜ್ಜನ ಕಾಲದಿಂದಲೂ ಇದ್ದಿರಬಹುದು. ಹೆದರಬೇಕಾದದ್ದು ತೊಲೆಯ ನಡುವೆ, ತಳಭಾಗದಲ್ಲಿ, ಎಳೆಗೆ ಅಡ್ಡಲಾಗಿ ಬಿಟ್ಟ ಬಿರುಕಿಗೆ. ಅದು ಕಂಡರೆ ಅಂದೇ ಆ ಕೋಣೆ ಖಾಲಿ ಮಾಡಿ, ಆಸರೆ ಕೊಡಿಸಿ, ಎಂಜಿನಿಯರ್ ಕರೆಯಿರಿ. ಇಲ್ಲಿ ಬರೆದ ರಿಪೇರಿ ಅದಕ್ಕೆ ಸಾಲದು. ಹಾಗೆಯೇ ತೊಲೆಯ ಎರಡು ತುದಿಗೆ ದಾರ ಬಿಗಿದು ನಡುವಿನ ಬಾಗು ಅಳೆಯಿರಿ. ಹತ್ತಡಿ ತೊಲೆ 20 ಮಿಲಿಮೀಟರ್‌ಗಿಂತ ಹೆಚ್ಚು ಬಾಗಿದ್ದರೆ ತಿಳಿದವರು ನೋಡಲಿ. ಹಳೆಯ ಬಾಗು ಇದ್ದೇ ಇರುತ್ತದೆ, ಅದು ಬೆಳೆಯುತ್ತಿದೆಯೇ ಅನ್ನುವುದು ಮುಖ್ಯ. ಅಳತೆಯನ್ನು ತಾರೀಖಿನ ಸಮೇತ ತೊಲೆಯ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆದಿಡಿ.

ತಲೆಯ ಮೇಲೆ ಎಷ್ಟು ತೂಕ ಇದೆ

ಇದನ್ನು ಲೆಕ್ಕ ಹಾಕದೆ ಯಾರೂ ತೊಲೆಗೆ ಗರಗಸ ಇಡಬಾರದು. ಒಂದು ಘನ ಅಡಿ ಗಟ್ಟಿ ಮಣ್ಣು ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದಷ್ಟು, ಅಂದರೆ 50 ಕಿಲೋ ತೂಗುತ್ತದೆ. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ 120 ಘನ ಅಡಿ, ಅಂದರೆ 6 ಟನ್. ಮಳೆ ನೆನೆದರೆ ಇನ್ನೂ ಹೆಚ್ಚು. ನಡುವೆ ಒಂದೇ ತೊಲೆ ಇದ್ದರೆ ಅದರ ಪಾಲಿಗೆ ಅರ್ಧ, 3 ಟನ್. ಅದರ ಒಂದೊಂದು ತುದಿಗೆ ಒಂದೂವರೆ ಟನ್.

ಎಷ್ಟೋ ಮನೆಗಳಲ್ಲಿ ಮಣ್ಣು ಒಂದಡಿಗಿಂತ ದಪ್ಪವೇ ಇದೆ. ಪ್ರತಿ ಬೇಸಿಗೆಯ ಕೊನೆಗೆ ಮಾಳಿಗೆಗೆ ಸವಳು ಮಣ್ಣು ಹಾಕುವ ಪದ್ಧತಿ ನಮ್ಮದು. ಒಳ್ಳೆಯ ಪದ್ಧತಿಯೇ. ಸವಳಿನಲ್ಲಿರುವ ಉಪ್ಪಿನಿಂದ ಜೇಡಿನ ಕಣ ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತದೆ, ನೀರು ಕೆಳಗಿಳಿಯುವುದಿಲ್ಲ. ಆದರೆ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಹಾಕುತ್ತ ಬಂದರೆ ಐವತ್ತು ವರ್ಷಕ್ಕೆ ಎಷ್ಟಾಗಬೇಡ? 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಆ ಮಹಾಮಳೆಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ಕಂಡವರಿಗೆ ಈ ತೂಕದ ಮಾತು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಆಸರೆ ಕೊಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ಮೇಲಿನ ಭಾರ ಇಳಿಸುವುದು. ಆಸರೆ ಕೊಟ್ಟ ಮೇಲೆ ಅಂದೆ, ಅದಕ್ಕಿಂತ ಮುಂಚೆ ಬೇಡ. ಕುಂಬಾದ ತೊಲೆಯ ಮೇಲೆ ನಾಲ್ಕು ಆಳು ಹತ್ತಿ ಸಲಿಕೆ ಹಾಕಿದರೆ ಏನಾದರೂ ಆಗಬಹುದು. ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ಕೆರೆಯಿರಿ, ಮಾಳಿಗೆಯ ಮೇಲೆಯೇ ಒಂದು ಕಡೆ ಗುಡ್ಡೆ ಹಾಕಬೇಡಿ, ಬುಟ್ಟಿ ತುಂಬಿದಂತೆ ಕೆಳಗಿಳಿಸಿ. ಆ ಮಣ್ಣು ಎಸೆಯಬೇಡಿ, ಜರಡಿ ಹಿಡಿದು ಮತ್ತೆ ಬಳಸಬಹುದು. ಕೊನೆಗೆ ಮರಳಿ ಹಾಕುವಾಗ ಹರಿನಾಳಿಗೆಯ ಕಡೆಗೆ ಇಳಿಜಾರು ಕೊಟ್ಟು, ಆರೇಳು ಅಂಗುಲಕ್ಕೆ ನಿಲ್ಲಿಸಿ.

ಇವೆಲ್ಲ ಮಳೆ ಇಲ್ಲದ ದಿನಗಳ ಕೆಲಸ. ಶಿವರಾತ್ರಿ ಮುಗಿದ ಮೇಲೆ ಶುರು ಮಾಡಿ, ಮೇ ಕೊನೆಯ ರೋಹಿಣಿ ಮಳೆಯೊಳಗೆ ಮಾಳಿಗೆ ಮುಚ್ಚಿರಬೇಕು.

ಆಸರೆ ಕೊಡುವುದು

ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕಬ್ಬಿಣದ ಜಾಕಿ ಸಿಗುತ್ತವೆ. ಎತ್ತರ ಹೆಚ್ಚಿಸಿದಷ್ಟೂ ಜಾಕಿಯ ತಾಕತ್ತು ಕಡಿಮೆಯಾಗುತ್ತದೆ, ಪೂರ್ತಿ ಎಳೆದು ನಿಲ್ಲಿಸುವ ಬದಲು ಉದ್ದ ಜಾಕಿಯನ್ನೇ ತನ್ನಿ. ಕೆಟ್ಟ ತುದಿಗೆ ಕನಿಷ್ಠ ಎರಡು ಜಾಕಿ, ಗೋಡೆಯಿಂದ ಎರಡು ಎರಡೂವರೆ ಅಡಿ ಒಳಗೆ, ದಬ್ಬಣ ಇಳಿಯದ ಗಟ್ಟಿ ಕಟ್ಟಿಗೆಯ ಕೆಳಗೆ. ತೊಲೆಯ ಎರಡೂ ಪಕ್ಕದ ಜಂತಿಗಳ ಕೆಳಗೆ ನಾಲ್ಕಂಗುಲ ದಪ್ಪದ ಅಡ್ಡಗಟ್ಟಿಗೆ ಕೊಟ್ಟು ಅದಕ್ಕೂ ಮೂರ್ನಾಲ್ಕು ಅಡಿಗೊಂದು ಜಾಕಿ ನಿಲ್ಲಿಸಿ. ಪ್ರತಿ ಜಾಕಿಯ ಕೆಳಗೆ ಎರಡಂಗುಲ ದಪ್ಪದ ಅಗಲ ಹಲಗೆ ಹಾಸಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಜೋಳ ತುಂಬುವ ಹಗೇವು ಇರುತ್ತಿದ್ದವು. ಬಾಯಿ ಮುಚ್ಚಿ ಮೇಲೆ ಕಲ್ಲು ಹಾಸಿಬಿಟ್ಟಿರುತ್ತಾರೆ, ಕೆಳಗೆ ಟೊಳ್ಳು. ಮನೆಯ ಹಿರಿಯರನ್ನು ಕೇಳಿ, ನೆಲವನ್ನು ಹಾರಿಯ ತುದಿಯಿಂದ ಬಡಿದು ನೋಡಿ. ಹಗೇವಿನ ಮೇಲೆ ಜಾಕಿ ನಿಲ್ಲಿಸಿದರೆ ಆಸರೆಯೇ ಮಾಳಿಗೆಯನ್ನು ಕೆಳಗೆ ಎಳೆಯುತ್ತದೆ.

ಜಾಕಿಯನ್ನು ಬಿಗಿ ಮಾಡುವುದು ಭಾರ ಹೊರುವಷ್ಟೇ, ಎತ್ತುವಷ್ಟಲ್ಲ. ಹಳೆಯ ಬಾಗನ್ನು ನೆಟ್ಟಗೆ ಮಾಡಲು ಹೋದರೆ ಮೇಲೆ ಮಾಳಿಗೆ ಸೀಳುತ್ತದೆ, ಪಕ್ಕದ ಗೋಡೆ ಬಿರಿಯುತ್ತದೆ. ಬಿಗಿದ ಮೇಲೆ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮತ್ತೊಮ್ಮೆ ಬಿಗಿ ನೋಡಿ ಕೆಲಸಕ್ಕೆ ಕೈ ಹಾಕಿ. ಒಂದು ಸಲಕ್ಕೆ ಒಂದೇ ತೊಲೆ, ಅದರಲ್ಲೂ ಒಂದೇ ತುದಿ.

ಕೊಯ್ಯುವುದು, ಜೋಡಿಸುವುದು

ಗೂಡಿನ ಸುತ್ತ ಮಣ್ಣು ಬಿಡಿಸಿ ಕೆಟ್ಟ ತುದಿಯನ್ನು ಬಯಲು ಮಾಡಿ. ದಬ್ಬಣ ಇಳಿಯುವುದು ನಿಂತ ಜಾಗದಿಂದ ಒಂದು ಗೇಣು ಮುಂದಕ್ಕೆ, ಗಟ್ಟಿ ಕಟ್ಟಿಗೆಯಲ್ಲಿ ಕೊಯ್ಯಬೇಕು. ಬೂಷ್ಟಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಕೊಯ್ದ ತುಂಡನ್ನು ಮನೆಯಲ್ಲಿ ಇಡದೆ ಸುಟ್ಟುಬಿಡಿ.

ಇಲ್ಲಿಂದ ಮುಂದೆ ಮೂರು ದಾರಿ.

ಸುಲಭದ್ದು, ನನಗೆ ಹೆಚ್ಚು ಇಷ್ಟವಾದದ್ದು: ಗೋಡೆಗೆ ಒತ್ತಿ ಕಲ್ಲುಕಂಬ ನಿಲ್ಲಿಸಿ, ಮೇಲೆ ಬೋದಿಗೆ (ಕಂಬದ ತಲೆಯ ಮೇಲಿನ ಅಡ್ಡತುಂಡು) ಇಟ್ಟು ತೊಲೆಯನ್ನು ಅದರ ಮೇಲೆ ಕೂರಿಸುವುದು. ನಮ್ಮ ಮೂರು ಜಿಲ್ಲೆಗಳಲ್ಲಿ ಕಲ್ಲಿಗೆ ಬರ ಇಲ್ಲ. ತೊಲೆ ಗೋಡೆಯೊಳಗೆ ಹೋಗುವ ಗೊಡವೆಯೇ ಇಲ್ಲದ್ದರಿಂದ ಮತ್ತೆ ಕೊಳೆಯುವ ಭಯವೂ ಇಲ್ಲ. ಕಂಬಕ್ಕೆ ಪಾಯ ಬೇಕು. ಎರೆಮಣ್ಣಿನ ಊರಾದರೆ ಗರಸು (ಕೆಳಗಿನ ಗಟ್ಟಿ ಮೊರಂ ಪದರ) ಸಿಗುವ ತನಕ ಅಗೆಯಿರಿ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಾಗ ಕಂಬವನ್ನೂ ಮೇಲೆ ಕೆಳಗೆ ಆಡಿಸುತ್ತದೆ.

ಕೋಣೆಯಲ್ಲಿ ಕಂಬಕ್ಕೆ ಜಾಗ ಇಲ್ಲದಿದ್ದರೆ ಎರಡನೆಯ ದಾರಿ, ತೊಲೆಯ ಎರಡೂ ಪಕ್ಕ ಕಬ್ಬಿಣದ ಸಿ-ಚಾನಲ್ ಕೊಟ್ಟು ಬೋಲ್ಟು ಹಾಕುವುದು. ಕೊಯ್ದುಹೋದ ತುದಿಯ ಬದಲು ಚಾನಲ್ಲೇ ಗೋಡೆಯ ಮೇಲೆ ಕೂರುತ್ತದೆ. ಗಟ್ಟಿ ತೊಲೆಯ ಮೇಲೆ ಅದು ಕನಿಷ್ಠ ಮೂರಡಿ ಹಾದುಹೋಗಲಿ. ಭಾರದ ಹಾರಿಯನ್ನು ಎರಡೂ ಕೈ ಒಂದೇ ಕಡೆ ಇಟ್ಟು ಹಿಡಿದರೆ ತೋಳು ಸೋಲುತ್ತದೆ, ಕೈ ದೂರ ದೂರ ಇಟ್ಟರೆ ಹಗುರ. ಬೋಲ್ಟುಗಳದ್ದೂ ಹಾಗೆಯೇ: ಮೂರಡಿಯ ಎರಡು ಕೊನೆಗೆ ಎರಡೆರಡು, ನಡುವೆ ಒಂದೆರಡು. 12 ಮಿಲಿಮೀಟರ್ ಬೋಲ್ಟಾದರೆ ಕಟ್ಟಿಗೆಯ ಕೊಯ್ದ ತುದಿಯಿಂದ ಮೊದಲ ತೂತಿಗೆ ಅದರ ಏಳು ಪಟ್ಟು, ಅಂದರೆ 84 ಮಿಲಿಮೀಟರ್ ಅಂತರ ಇರಲಿ. ಹತ್ತಿರ ಕೊರೆದರೆ ಕಟ್ಟಿಗೆ ಸೀಳುತ್ತದೆ. ತೂತುಗಳನ್ನು ಒಂದೇ ಎಳೆಯ ಸಾಲಿನಲ್ಲಿ ಕೊರೆಯದೆ ಸ್ವಲ್ಪ ಮೇಲೆ ಕೆಳಗೆ ಮಾಡಿ, ದೊಡ್ಡ ವಾಷರ್ ಹಾಕಿ. ಚಾನಲ್ಲಿನ ಅಳತೆಯನ್ನು ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ. ಮೇಲಿನ ತೂಕದ ಲೆಕ್ಕ ಕೊಟ್ಟು ಎಂಜಿನಿಯರ್ ಕೈಯಿಂದ ಬರೆಸಿಕೊಳ್ಳಿ. ನಮ್ಮ ಮಣ್ಣಿನ ಉಪ್ಪಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೋಲ್ಟು ಸತುವಿನ ಲೇಪದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಲಿ, ಚಾನಲ್ಲಿಗೆ ರೆಡ್ ಆಕ್ಸೈಡ್ ಬಳಿದು ಮೇಲೆ ಎರಡು ಕೈ ಬಣ್ಣ ಹೊಡೆಯಿರಿ.

ಮೂರನೆಯದು ಕಟ್ಟಿಗೆಗೆ ಕಟ್ಟಿಗೆ ಬೆಸೆಯುವುದು, ಓರೆಯಾಗಿ ಕೊಯ್ದು ಕಚ್ಚು ಹಾಕಿ. ಓರೆಯ ಉದ್ದ ತೊಲೆಯ ದಪ್ಪದ ಮೂರು ಪಟ್ಟಾದರೂ ಇರಬೇಕು. ನೋಡಲು ಇದರಷ್ಟು ಚೆಂದದ್ದು ಇನ್ನೊಂದಿಲ್ಲ, ಆದರೆ ಎಂಥ ಬಡಿಗೇರರು ಮಾಡಿದರೂ ಬೆಸೆದ ಜಾಗಕ್ಕೆ ಅಖಂಡ ತೊಲೆಯ ಅರ್ಧದಷ್ಟೂ ಬಾಗುವ ಬಲ ಬರುವುದು ಕಷ್ಟ. ಹಾಗಾಗಿ ಬೆಸುಗೆ ಗೋಡೆಯ ಹತ್ತಿರವೇ ಇರಬೇಕು. ಅಲ್ಲಿ ಬಾಗುವ ಒತ್ತಡ ಕಡಿಮೆ. ತೊಲೆಯ ನಡುವೆ ಕಚ್ಚು ಹಾಕುತ್ತೇನೆ ಅನ್ನುವವರನ್ನು ಮನೆಯೊಳಗೆ ಬಿಡಬೇಡಿ. ಬೆಸೆಯುವ ಕಟ್ಟಿಗೆ ಹಳೆಯ ಮನೆ ಬಿಚ್ಚಿದ ಸಾಗವಾನಿಯಾದರೆ ಉತ್ತಮ, ಕುಗ್ಗುವುದೆಲ್ಲ ಎಂದೋ ಮುಗಿದಿರುತ್ತದೆ. ಬೇವೂ ನಡೆಯುತ್ತದೆ, ಕಹಿಗೆ ಹುಳ ಕಡಿಮೆ. ಕರಿಜಾಲಿ ಬಲು ಗಟ್ಟಿ, ಆದರೆ ಬಿಳಿ ಭಾಗಕ್ಕೆ ನುಸಿ ಹತ್ತುತ್ತದೆ. ಅದಕ್ಕೇ ಹಿಂದಿನವರು ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಟ್ಟು, ತಿಂಗಳುಗಟ್ಟಲೆ ನೆನೆಸಿ, ಆಮೇಲೆ ಒಣಗಿಸುತ್ತಿದ್ದರು. ಬಳ್ಳಾರಿ ಜಾಲಿ ಡೊಂಕು, ಉದ್ದ ಸಿಗುವುದಿಲ್ಲ. ಗೂಟಕ್ಕೆ, ಬೆಣೆಗೆ ಮಾತ್ರ ಇಟ್ಟುಕೊಳ್ಳಿ. ಹಸಿ ಕಟ್ಟಿಗೆ ಯಾವುದೇ ಜಾತಿಯದ್ದಾದರೂ ಬೇಡ.

ಜಂತಿ ಕೆಟ್ಟಿದ್ದರೆ ಇಷ್ಟೆಲ್ಲ ಇಲ್ಲ. ಪಕ್ಕದಲ್ಲಿ ಅದೇ ಅಳತೆಯ ಹೊಸ ಜಂತಿ ಕೊಟ್ಟು ಬಿಗಿದರೆ ಮುಗಿಯಿತು.

ಕಂಬದ ಬುಡಕ್ಕೆ ಕೆಟ್ಟ ಭಾಗ ಕೊಯ್ದು, ಅಷ್ಟೇ ಎತ್ತರದ ಕಲ್ಲಿನ ತುಂಡನ್ನು ಕೆಳಗೆ ಕೊಡಿ. ನಡುವೆ 16 ಮಿಲಿಮೀಟರ್ ಸ್ಟೇನ್‌ಲೆಸ್ ಸರಳಿನ ಗೂಟ ಇರಲಿ, ಕಲ್ಲಿಗೂ ಕಟ್ಟಿಗೆಗೂ ಮಧ್ಯೆ ಡಾಂಬರು ಹಾಳೆ ಹಾಕಿ. ಕಲ್ಲಿನಲ್ಲಿ ಕುಳಿ ಕೊರೆದು ಕಂಬವನ್ನು ಅದರೊಳಗೆ ಇಳಿಸಬೇಡಿ, ನೆಲ ಒರೆಸಿದ ನೀರು ಅದರಲ್ಲೇ ನಿಲ್ಲುತ್ತದೆ.

ಕೆಟ್ಟ ಜಾಗಕ್ಕೆ ಲಪ್ಪ (ಸಂದಿಗೆ ತುಂಬುವ ಅಂಟಿನ ಮುದ್ದೆ) ತುಂಬಿ ಬಣ್ಣ ಹೊಡೆಯುವ ಮಾತು ಯಾರಾದರೂ ಎತ್ತುತ್ತಾರೆ. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆಯ ಸಂದಿಗೆ ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ತುಂಬುತ್ತಾರೆ, ಎಷ್ಟು ಚೆಂದ ಕೂರುತ್ತದೆ. ಆದರೆ ಗೊಂಬೆ ಮಾಳಿಗೆ ಹೊರುವುದಿಲ್ಲ. ಎಪಾಕ್ಸಿ ಲಪ್ಪವೂ ಹಾಗೆಯೇ. ಬೋದಿಗೆಯ ಕೆತ್ತನೆ, ಚೌಕಟ್ಟಿನ ಹೂಬಳ್ಳಿ ಉಳಿಸಲು ಬಳಸಿ, ಭಾರ ಹೊರುವ ಕಡೆ ಬೇಡ.

ಔಷಧ

ಉಳಿದ ಕಟ್ಟಿಗೆಗೆ ಬಿಳಿಗಾರ ಮತ್ತು ಬೋರಿಕ್ ಪುಡಿಯ ನೀರು ಸಾಕು. ಹತ್ತು ಲೀಟರ್ ಬಿಸಿ ನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಪುಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಬೇಗ ಕರಗುತ್ತದೆ. ಹಳೆಯ ಎಣ್ಣೆ, ಬಣ್ಣ ಕೀಸಿ ತೆಗೆದ ಬರಿ ಮೈಗೆ ಎರಡು ಮೂರು ಸಲ ಬಳಿಯಿರಿ, ಕೊಯ್ದ ತುದಿಗೆ ಮತ್ತು ಬೋಲ್ಟಿನ ತೂತಿನೊಳಗೆ ಧಾರಾಳವಾಗಿ. ಕೈಗವಸು ಹಾಕಿಕೊಳ್ಳಿ, ಮಕ್ಕಳು ಮತ್ತು ದನಗಳಿಂದ ದೂರ ಇಡಿ. ಈ ಔಷಧ ಮಳೆ ನೀರಿಗೆ ತೊಳೆದುಹೋಗುತ್ತದೆ, ಒಳಗಿನ ಕಟ್ಟಿಗೆಗೆ ಮಾತ್ರ ಸರಿ. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಬಟ್ಟೆಯ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವುದು ನಮ್ಮಲ್ಲಿ ರೂಢಿ. ದಯವಿಟ್ಟು ಮನೆಯೊಳಗೆ ಬೇಡ. ಕಟ್ಟಿಗೆಯ ಆಳಕ್ಕೆ ಇಳಿಯುವುದಿಲ್ಲ, ಬೆಂಕಿಗೆ ಸುಲಭ ತುತ್ತು, ಮಲಗುವ ಕೋಣೆಯ ಗಾಳಿಗೆ ಒಳ್ಳೆಯದಲ್ಲ. ಗೆದ್ದಲು ನೆಲದಿಂದ ಬಂದಿದ್ದರೆ ಕಟ್ಟಿಗೆಗೆ ಬಳಿದು ಪ್ರಯೋಜನವಿಲ್ಲ. ಗೋಡೆಯ ಬುಡಕ್ಕೆ ಸಾಲಾಗಿ ತೂತು ಕೊರೆದು ಔಷಧ ಇಳಿಸುವ ಪರವಾನಗಿ ಇದ್ದವರನ್ನು ಕರೆಸಿ.

ಗೂಡು ಮುಚ್ಚುವ ಮುಂಚೆ

ಕಂಬ ನಿಲ್ಲಿಸದೆ ಗೋಡೆಯ ಮೇಲೆಯೇ ತುದಿ ಕೂರಿಸುವುದಾದರೆ ಕೆಳಗೆ ಅಗಲ ಹಾಸುಗಲ್ಲು, ಅದರ ಮೇಲೆ ಡಾಂಬರು ಹಾಳೆ. ತುದಿಯ ಮೂರು ಬದಿ, ಮೇಲೆ ಕೂಡ, ಅರ್ಧದಿಂದ ಒಂದಂಗುಲ ಸಂದು ಬಿಡಿ. ಗೌಂಡಿ ಅದನ್ನು ಮೆತ್ತಿ ಮುಚ್ಚದಂತೆ ಎದುರೇ ನಿಂತು ನೋಡಿಕೊಳ್ಳಿ. ಅವರಿಗೆ ಸಂದು ಕಂಡರೆ ಕೈ ಸುಮ್ಮನಿರುವುದಿಲ್ಲ. ಹೊರಗೋಡೆಗೆ ಸಿಮೆಂಟ್ ಇದ್ದರೆ ಆ ಭಾಗದಲ್ಲಾದರೂ ಕೆತ್ತಿ, ಸುಣ್ಣದ್ದೋ ಮಣ್ಣಿನದ್ದೋ ಗಿಲಾಯಿ ಮಾಡಿಸಿ. ಹರಿನಾಳಿಗೆ ಗೋಡೆಯಿಂದ ಎರಡಡಿಯಾದರೂ ಮುಂದೆ ಚಾಚಿರಲಿ.

ಆನೆಗೊಂದಿ ಸುತ್ತಿನವರಿಗೆ ಒಂದು ಮಾತು. ನಿಮ್ಮ ಊರು ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಕೆಲಸಕ್ಕೆ ಮುಂಚೆ ಅಲ್ಲಿ ವಿಚಾರಿಸಿ.

ಜಾಕಿಗಳನ್ನು ಒಂದೇ ದಿನ ಕಿತ್ತೆಸೆಯಬೇಡಿ. ದಿನಕ್ಕೆ ಅರ್ಧ ಸುತ್ತಿನಂತೆ ಸಡಿಲಿಸುತ್ತ, ದಾರ ಬಿಗಿದು ಬಾಗು ಅಳೆಯುತ್ತ ಹೋಗಿ. ಮಣ್ಣು ಮರಳಿ ಹಾಕಿದ ಮೇಲೂ ಒಂದು ವಾರ ತೊಲೆಗೆ ತಾಗದಂತೆ ಎರಡು ಜಾಕಿ ನಿಂತಿರಲಿ. ಮೊದಲ ದೊಡ್ಡ ಮಳೆಯ ರಾತ್ರಿ ಟಾರ್ಚು ಹಿಡಿದು ಏಣಿ ಹತ್ತಿ, ಆ ಸಂದಿಯೊಳಗೆ ಬೆರಳು ತೂರಿಸಿ ನೋಡಿ, ಪಸೆ ತಾಗಿದರೆ ಬೆಳಿಗ್ಗೆಯೇ ಮಾಳಿಗೆ ಮೇಲೆ ಹುಡುಕಿ. ಹೊಸ ಕಟ್ಟಿಗೆ ನಮ್ಮ ಬೇಸಿಗೆಗೆ ಕುಗ್ಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಮುಂದಿನ ಯುಗಾದಿಗೆ ಸುಣ್ಣ ಬಳಿಯುವ ದಿನ ಪಾನಾ ಹಿಡಿದು ಒಂದೊಂದನ್ನೂ ಬಿಗಿ ಮಾಡಿ, ತಾರೀಖನ್ನು ಹಳೆಯ ಪೆನ್ಸಿಲ್ ಗುರುತಿನ ಪಕ್ಕ ಬರೆಯಿರಿ.